ಇಂಗಿನ ಪೊಟ್ಟಣ, ಶುಂಠಿಯ ಪೊಟ್ಟಣ

ನಮ್ಮೂರಿನಲ್ಲಿ ಬರೆದು ಮುಗಿಸದ ಕತೆಯೊಂದನ್ನು ಮುಗಿಯದ ಇನ್ನೊಂದು ಕತೆಯ ಪಕ್ಕದಲ್ಲಿ ಇಡುವುದಿಲ್ಲ. ಇದನ್ನು ನಮಗೆ ಯಾರೂ ಕಲಿಸಿಕೊಡುವುದಿಲ್ಲ. ಕಾದ ಹಂಚು ಮುಟ್ಟಬಾರದು ಅಂತ ಯಾರಾದರೂ ಪಾಠ ಮಾಡುತ್ತಾರೆಯೇ, ಹಾಗೆ. ಶಾಲೆಯಲ್ಲಿ ಮಕ್ಕಳು ಕತೆ ಬರೆದ ದಿನ ಮೇಷ್ಟ್ರು ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸುವುದಿಲ್ಲ, ಹಪ್ಪಳ ಒಣಗಿಸಿದ ಹಾಗೆ ದೂರ ದೂರ ಹರಡುತ್ತಾರೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು, "ನಿಮ್ಮ ಚೀಲದಾಗೆ ಬರೆದಿದ್ದು ಏನಾದ್ರೂ ಐತೇನ್ರೀ?" ಎಂದು ಕೇಳಿ, ಇದ್ದರೆ ಎದ್ದು ಹಿಂದಿನ ಸೀಟಿಗೆ ಹೋಗುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ. ಮುಗಿಯದ ಕತೆಯ ಜನಕ್ಕೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಹತ್ತಿರದಲ್ಲಿ ಇನ್ನೊಂದು ಕತೆ ಇದ್ದರೆ ಎದ್ದು ಹೋಗಿ ಅಲ್ಲಿ ಕೂರುತ್ತಾರೆ. ಬೆಳಗ್ಗೆ ಹಾಳೆ ತೆಗೆದು ನೋಡಿದರೆ, ನಿಮ್ಮದೇ ಕೈಬರಹದಲ್ಲಿ, ಯಾವನೋ ಗುರುತಿಲ್ಲದವನು ನಿಮ್ಮ ನಾಯಕಿಯ ಮನೆಯ ಜಗಲಿಯ ಮೇಲೆ ಬೀಡಿ ಸೇದುತ್ತಿರುತ್ತಾನೆ.

ಕತೆ ಮುಗಿಯುವುದು ಹುಣಸೆಕಟ್ಟೆಯ ಮೇಲೆ. ಭಾನುವಾರ ಬರೆದವರು ಅಲ್ಲಿ ಕೂತು ಓದಬೇಕು, ಕೊನೆಯಲ್ಲಿ ಕೇಳಿದವರೆಲ್ಲ "ಆಯ್ತು" ಅನ್ನಬೇಕು. ಅಂದಮೇಲೆ ಅದರ ಜನ ತಮ್ಮ ತಮ್ಮ ಜಾಗದಲ್ಲಿ ಕಾಲು ಚಾಚಿ ಕೂರುತ್ತಾರೆ. ಆಮೇಲೆ ಆ ಕತೆಯನ್ನು ಯಾವ ಕಪಾಟಿನಲ್ಲಿ ತುರುಕಿದರೂ ಚಿಂತೆಯಿಲ್ಲ. ಆದರೆ ಕಟ್ಟೆಯ ಸರದಿ ಸಿಗುವುದೇ ಕಷ್ಟ. ನಮ್ಮೂರಲ್ಲಿ ಬರೆಯದೆ ಇರುವವರೆಂದರೆ ಹಾಲುಹಲ್ಲಿನ ಮಕ್ಕಳು, ಗುಡಿಯ ಬಸವ, ಮತ್ತೆ ಹಿಟ್ಟಿನ ಗಿರಣಿಯ ರುದ್ರವ್ವ. ಮಿಕ್ಕವರೆಲ್ಲ ಬರೆಯುತ್ತಾರೆ. ಒಮ್ಮೆ ಸರದಿ ತಪ್ಪಿತೋ, ಬಾಲಕ್ಕೆ ಹೋಗಿ ನಿಲ್ಲಬೇಕು. ಮತ್ತೆ ಮುಂದೆ ಬರುವಷ್ಟರಲ್ಲಿ ಹೊಟ್ಟೆಯಲ್ಲಿದ್ದ ಕೂಸು ಶಾಲೆಗೆ ಹೋಗುತ್ತಿರುತ್ತದೆ.

ನಾನು ಈ ಊರಿನಲ್ಲಿ ಕತೆ ತಿದ್ದುವವಳು. ತಿದ್ದೋ ನಾಗಲಕ್ಕ ಅಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಓದಿದ್ದು ಹೆಚ್ಚೇನಿಲ್ಲ. ಮೊದಲು ಬಟ್ಟೆ ಹೊಲಿಯುತ್ತಿದ್ದೆ, ಅದರಲ್ಲೂ ಆಲ್ಟ್ರೇಷನ್ ಕೆಲಸವೇ ಜಾಸ್ತಿ. ಯಾರೋ ಹೊಲಿದಿದ್ದನ್ನು ಬಿಗಿ ಮಾಡುವುದು, ಸಡಿಲ ಮಾಡುವುದು. ಒಂದು ದಿನ ರವಿಕೆ ಸರಿಮಾಡಿಸಲು ಬಂದ ಹೆಂಗಸೊಬ್ಬಳು, ಕಾಯುತ್ತಾ ಕೂತವಳು, ಬೇಸರ ಕಳೆಯಲು ತಾನು ಬರೆದದ್ದನ್ನು ಓದಿ ಹೇಳಿದಳು. "ತೋಳು ಉದ್ದ ಆಯ್ತು ಕಣವ್ವ" ಅಂದೆ. "ರವಿಕೇದಾ?" ಅಂದಳು. "ಅಲ್ಲ, ಮಧ್ಯದಾಗೆ ಆ ಸೋದರಮಾವ ಬಂದು ಮಾತಾಡ್ತಾನಲ್ಲ, ಅದು" ಅಂದೆ. ಅವಳು ಮನೆಗೆ ಹೋಗಿ ಸೋದರಮಾವನನ್ನು ಅರ್ಧ ಕತ್ತರಿಸಿದಳು, ಕತೆ ಮೈಗೆ ಕೂತಿತು. ಆ ಮೇಲೆ ಜನ ಬಟ್ಟೆಯ ಜೊತೆ ಹಾಳೆಯನ್ನೂ ತರತೊಡಗಿದರು. ಈಗ ಹೊಲಿಗೆ ಯಂತ್ರದ ಮೇಲೆ ತುಳಸಿ ಕುಂಡ ಇದೆ.

ಒಂದೇ ಕತೆ ತಿದ್ದುವುದಾದರೆ ಯಾರು ಬೇಕಾದರೂ ತಿದ್ದಬಹುದು. ನನ್ನ ಮನೆಯಲ್ಲಿ ಯಾವಾಗಲೂ ಮೂರು ನಾಲ್ಕು ಇರುತ್ತವೆ, ಮನೆಯೋ ಚಿಕ್ಕದು. ಅದಕ್ಕೇ ನಾನೊಂದು ದಾರಿ ಮಾಡಿಕೊಂಡಿದ್ದೆ. ಪ್ರತಿ ಕತೆಗೂ ಒಂದು ವಾಸನೆ. ಹಳೆ ಮಲ್ಲಿನ ಬಟ್ಟೆಯಲ್ಲಿ ಪುಟ್ಟ ಪೊಟ್ಟಣ ಹೊಲಿದು, ಒಳಗೆ ಇಂಗೋ ಕರ್ಪೂರವೋ ತುಂಬಿ, ಹಾಳೆಗಳ ನಡುವೆ ಇಡುವುದು. ಜನ ಎಷ್ಟೇ ಅಲೆದರೂ ತಮ್ಮ ಮನೆಯ ವಾಸನೆ ಹಿಡಿದು ಸಂಜೆಗೆ ವಾಪಸ್ಸು ಬರುತ್ತಾರೆ. ಒಂದು ಕತೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಮುಂಚೆ ಕೈ ತೊಳೆಯುತ್ತೇನೆ, ಕುರ್ಚಿ ಬದಲಾಯಿಸುತ್ತೇನೆ. ಕಾದಂಬರಿ ಸೋಮವಾರ ಮಂಗಳವಾರ, ಅಟ್ಟದ ಕೆಳಗಿನ ಮೂಲೆಯಲ್ಲಿ. ನಾಟಕ ಬುಧವಾರ, ಉಯ್ಯಾಲೆಯ ಮೇಲೆ. ನಾಟಕವನ್ನು ಅಲುಗಾಡುತ್ತಲೇ ಓದಬೇಕು, ಇಲ್ಲದಿದ್ದರೆ ಅದರ ನಿಧಾನ ಗೊತ್ತಾಗುವುದಿಲ್ಲ. ಮಕ್ಕಳ ಕತೆ ಗುರುವಾರ, ಅಡುಗೆಮನೆಯಲ್ಲಿ. ದೀಪ ಹಚ್ಚುವ ಹೊತ್ತಿಗೆ ಒಂದೊಂದು ಕತೆಯ ಮುಂದೆಯೂ ನಿಂತು, ಕೋಳಿ ಕರೆದ ಹಾಗೆ, ಅದರ ಜನರ ಹೆಸರು ಹಿಡಿದು ಕೂಗುತ್ತೇನೆ. "ಎಲ್ಲಾ ಬಂದ್ರೇನಪ್ಪಾ ಒಳಗೆ?" ನೋಡಿದವರಿಗೆ ನಗು ಬರಬಹುದು. ನಮ್ಮ ಬೀದಿಯಲ್ಲಿ ಯಾರೂ ನಗುವುದಿಲ್ಲ.

ನಾನು ಹೇಳಹೊರಟಿರುವ ಆ ವಾರ ಮನೆಯಲ್ಲಿ ಮೂರಿದ್ದವು. ಬಡಗಿ ವೀರಾಚಾರಿಯ ನಾಟಕ, ಅದಕ್ಕೆ ಕರ್ಪೂರ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಹೊತ್ತು ನೋಡಿ ಮೈಕಿನಲ್ಲಿ ಕೂಗುವ ಮಸ್ತಾನ್ ಸಾಬರ ಮಕ್ಕಳ ಕತೆ, ಬಸ್ಸು ಹತ್ತಿ ಊರು ನೋಡಲು ಹೊರಟ ಒಂದು ಆಡಿನ ಕತೆ ಅದು, ಅದಕ್ಕೆ ಒಣಶುಂಠಿ. ಮತ್ತೆ ಹಿಟ್ಟಿನ ಗಿರಣಿಯ ಗುರುಬಸಮ್ಮನ ಕಾದಂಬರಿ, ಅದಕ್ಕೆ ಇಂಗು. ಇಂಗೇ ಯಾಕೆಂದರೆ, ಆ ಕಾದಂಬರಿಯ ಜೀವವೆಲ್ಲ ಚೌಡವ್ವ ಎಂಬ ಅತ್ತೆಯೊಬ್ಬಳಲ್ಲಿತ್ತು. ಒಂದು ಚಿಟಿಕೆ ಬಿದ್ದರೆ ಸಾಕು, ಮನೆಯೆಲ್ಲ ಅವಳೇ. ಸಾರಿಗೆ ಉಪ್ಪು ಜಾಸ್ತಿ ಅನ್ನುವಳು, ಮಾರನೆಯ ದಿನ ಕಡಿಮೆ ಅನ್ನುವಳು, ಸರಿಯಾಗಿದ್ದ ದಿನ "ಇವತ್ತು ಯಾರು ಮಾಡಿದ್ದು?" ಅನ್ನುವಳು.

ಚೌಡವ್ವ ಎಂದರೆ ರುದ್ರವ್ವನೇ ಎಂಬುದು ಊರಿಗೆಲ್ಲ ಗೊತ್ತಿತ್ತು. ರುದ್ರವ್ವ ಗುರುಬಸಮ್ಮನ ಅತ್ತೆ. ಗಿರಣಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಹಿಟ್ಟು ಬೀಸಿಸಲು ಬಂದವರನ್ನೂ ಬೀಸುವ ಸೊಸೆಯನ್ನೂ ಸಮನಾಗಿ ಬೈಯುವ ಮುದುಕಿ. ಸೊಸೆ ತನ್ನನ್ನು ಕಾದಂಬರಿಗೆ ಹಾಕಿದ್ದಾಳೆಂದು ತಿಳಿದಾಗ ರುದ್ರವ್ವ ಸಿಟ್ಟಾಗಲಿಲ್ಲ, ಬೈಗುಳಕ್ಕೆ ಇನ್ನಷ್ಟು ಸಾಣೆ ಹಿಡಿದಳು. ಒಂದು ಒಳ್ಳೆಯ ಬೈಗುಳ ಬಿದ್ದ ಕೂಡಲೇ ಗಿರಣಿಯ ಸದ್ದನ್ನೂ ಮೀರಿ ಕೂಗುವಳು, "ಏನೇ ಗುರುಬಸೀ, ಇದು ಬರ್ಕೊಂಡ್ಯಾ?" ಬರೆದುಕೊಂಡಿಲ್ಲ ಅಂದರೆ ನಿಧಾನಕ್ಕೆ, ಬಿಡಿಸಿ ಬಿಡಿಸಿ, ಇನ್ನೊಮ್ಮೆ ಬೈಯುವಳು.

ಬರುವ ಭಾನುವಾರ ಗುರುಬಸಮ್ಮನ ಸರದಿ. ರುದ್ರವ್ವ ಕಟ್ಟೆಯ ಮುಂದೆ ತನ್ನ ಸ್ಟೂಲು ಎಲ್ಲಿ ಹಾಕಬೇಕು ಅಂತ ಆಗಲೇ ಜಾಗ ನೋಡಿ ಬಂದಿದ್ದಳು. "ಈ ಸಲ ತಪ್ಪಿದ್ರೆ ಮುಂದಿನ ಸಲ ಕೇಳೋಕೆ ನಾನಿರ್ತೀನೋ ಇಲ್ವೋ, ಬೇಗ ತಿದ್ದಿ ಕೊಡವ್ವಾ" ಎಂದು ನನ್ನ ಹತ್ತಿರವೂ ಹೇಳಿಸಿದ್ದಳು. ಗುರುಬಸಮ್ಮ ನಗುತ್ತಲೇ ಆ ಮಾತನ್ನು ತಲುಪಿಸಿದ್ದಳು, ಆದರೆ ತಲುಪಿಸಿದ ಮೇಲೆ ನಗಲಿಲ್ಲ.

ಆಗಲೇ ನನಗೆ ನೆಗಡಿ ಹಿಡಿಯಿತು. ಎಂಥ ನೆಗಡಿ ಅಂತೀರಿ, ಮೂಗು ಎರಡೂ ಕಡೆ ಮುಚ್ಚಿ, ದನಿ ಬಿದ್ದುಹೋಗಿ, ಸಂಜೆ ಹೆಸರು ಕೂಗೋಣವೆಂದರೆ ಬಾಯಿಂದ ಬರೀ ಗಾಳಿ. ಅದೇ ವಾರ ಪೊಟ್ಟಣಗಳ ವಾಸನೆ ಮಂಕಾಗುವ ಹೊತ್ತು, ಬಿಚ್ಚಿ ಹೊಸದಾಗಿ ತುಂಬಿದೆ. ಕಷಾಯ ಕಾಯಿಸಿ ಕಾಯಿಸಿ ಕುಡಿದೆ. ಮಸ್ತಾನ್ ಸಾಬರು ತಮ್ಮ ಆಡಿನ ಕ್ಷೇಮ ವಿಚಾರಿಸಲು ಗುರುವಾರ ಬೆಳಗ್ಗೆ ಬಂದವರು ಬಾಗಿಲಲ್ಲೇ ನಿಂತು ಮೂಗು ಏರಿಸಿದರು.

"ನಾಗಲಕ್ಕಾ, ಏನು ಕುಡೀತಾ ಇದ್ದೀರಿ?"

"ಶುಂಠಿ ಕಷಾಯ" ಅಂದೆ, ಗಾಳಿಯಲ್ಲೇ.

ಅವರು ಲೋಟ ತೆಗೆದುಕೊಂಡು ಮೂಸಿ, ಮೈಕು ಕೆಟ್ಟಾಗ ನೋಡುವ ಹಾಗೆ ಅದನ್ನು ನೋಡಿದರು. "ಇದು ಇಂಗು ಅಕ್ಕಾ. ಇಷ್ಟು ಇಂಗಿಗೆ ಒಂದು ಮದುವೆ ಸಾರು ಆಗ್ತಿತ್ತು."

ಡಬ್ಬಿ ತೆಗೆದು ತೋರಿಸಿದೆ. ಇಂಗಿನ ಪುಡಿ, ಶುಂಠಿಯ ಪುಡಿ, ಎರಡೂ ಒಂದೇ ಬಣ್ಣ. ಮೂಗು ಇದ್ದಿದ್ದರೆ ಮುಚ್ಚಳ ತೆಗೆಯುವ ಮೊದಲೇ ತಿಳಿಯುತ್ತಿತ್ತು. ನನಗೆ ಚಿಂತೆ ಹತ್ತಿದ್ದು ಕಷಾಯಕ್ಕಲ್ಲ. ಶುಂಠಿಯ ಪೊಟ್ಟಣಕ್ಕೂ ತುಂಬಿದ್ದು ಇದೇ ಡಬ್ಬಿಯಿಂದ. ಕಾದಂಬರಿಗೂ ಇಂಗು, ಆಡಿಗೂ ಇಂಗು! ಎರಡು ಮನೆಗೆ ಒಂದೇ ಬಾಗಿಲು ಇಟ್ಟ ಹಾಗಾಗಿತ್ತು.

ಅಟ್ಟದ ಕೆಳಗೆ ಓಡಿ ಕಾದಂಬರಿ ತೆಗೆದೆ. ದೇವರ ಮನೆಯಲ್ಲಿ ಆಡು ಕೂತು ಹೂವಿನ ಹಾರ ಮೇಯುತ್ತಿತ್ತು. ಅಡುಗೆಮನೆಯಲ್ಲಿ ಬಸ್ಸಿನ ಡ್ರೈವರು ರೊಟ್ಟಿ ತಟ್ಟುತ್ತಿದ್ದ, ಚೆನ್ನಾಗೇ ತಟ್ಟುತ್ತಿದ್ದ. ಇತ್ತ ಮಸ್ತಾನ್ ಸಾಬರು ತಮ್ಮ ಕತೆ ತೆಗೆದು, "ಯಾ ಅಲ್ಲಾ, ನನ್ನ ಬಸ್ಸಿನಾಗೆ ಒಂದು ಕೂಡು ಕುಟುಂಬ ಹತ್ತೈತಲ್ರೀ!" ಎಂದು ನಗತೊಡಗಿದರು. ನಗುವ ಹೊತ್ತಾಗಿರಲಿಲ್ಲ ನನಗೆ. ಅವರ ಕೈಯಲ್ಲೇ ಶುಂಠಿ ತರಿಸಿ, ಅವರ ಮೂಗಿನಿಂದಲೇ ಖಾತ್ರಿ ಮಾಡಿಸಿ, ಹೊಸ ಪೊಟ್ಟಣ ಹೊಲಿದಿಟ್ಟೆ. ಸಂಜೆ ನನ್ನ ಬದಲು ಮಸ್ತಾನ್ ಸಾಬರೇ ಹೆಸರು ಕೂಗಿದರು, ಬಸ್‌ಸ್ಟ್ಯಾಂಡಿನ ದನಿಯಲ್ಲಿ: "ಕಾದಂಬರಿಯ ಪ್ರಯಾಣಿಕರ ಗಮನಕ್ಕೆ, ಎಲ್ಲರೂ ಕೂಡಲೇ ತಮ್ಮ ತಮ್ಮ ಅಧ್ಯಾಯಕ್ಕೆ ಹಿಂದಿರುಗಬೇಕಾಗಿ ವಿನಂತಿ!" ಬೀದಿಯವರೆಲ್ಲ ಜಗಲಿಗೆ ಬಂದು ನೋಡಿದರು.

ಶುಕ್ರವಾರ ಬೆಳಗ್ಗೆ ಎಣಿಸಿದೆ. ಆಡು ಬಸ್ಸಿಗೆ ಹೋಗಿತ್ತು. ಡ್ರೈವರು ಸ್ಟೇರಿಂಗ್ ಹಿಡಿದಿದ್ದ. ಸೊಸೆ, ಗಂಡ, ಮೈದುನ, ಹಾಲಿನವನು, ಎಲ್ಲ ಕಾದಂಬರಿಗೆ ಬಂದಿದ್ದರು. ಚೌಡವ್ವ ಒಬ್ಬಳು ಬಂದಿರಲಿಲ್ಲ.

ಅವಳಿಲ್ಲದ ಕಾದಂಬರಿ ಹೇಗಿತ್ತು ಅಂತ ಹೇಳಿದರೆ ನಂಬುವುದಿಲ್ಲ. ಅವಳು ಎದ್ದುಹೋದ ಜಾಗವೆಲ್ಲ ತಾನೇ ಕೂಡಿಕೊಂಡು ಮಾಸಿಹೋಗಿತ್ತು. "ಸೊಸೆ ಸಾರಿಗೆ ಉಪ್ಪು ಹಾಕಿದಳು. ಸರಿಯಾಗಿತ್ತು. ಎಲ್ಲರೂ ಉಂಡರು." ಮುಂದಿನ ಅಧ್ಯಾಯ: "ಸೊಸೆ ಸೀರೆ ಕೊಂಡಳು. ಎಲ್ಲರೂ ಚೆನ್ನಾಗಿದೆ ಅಂದರು." ಕೊನೆಯವರೆಗೂ ಇದೇ. ಒಂದು ಮನೆಯಲ್ಲಿ ಇಷ್ಟು ನೆಮ್ಮದಿ ಇದ್ದರೆ ಓದುವವರಿಗೆ ಉಸಿರು ಕಟ್ಟುತ್ತದೆ.

ಗುರುಬಸಮ್ಮನಿಗೆ ಹೇಳಿ ಕಳಿಸಿದೆ. ತಲೆಯ ಮೇಲಿನ ಹಿಟ್ಟು ಕೂಡ ಕೊಡವದೆ ಓಡಿಬಂದಳು, ನಿಂತೇ ಓದಿದಳು. "ಇದೇನು ನಾಗಲಕ್ಕಾ, ನನ್ನ ಕಾದಂಬರಿಯೋ ಪಂಚಾಂಗವೋ? ಇದನ್ನ ಓದಿದ್ರೆ ಕಟ್ಟೆ ಮೇಲಿನ ಇರುವೆ ಕೂಡ ಎದ್ದು ಹೋಗ್ತವೆ." ಆಮೇಲೆ ದನಿ ಇಳಿಸಿ ಕೇಳಿದಳು, "ಅವಳೆಲ್ಲಿ?"

ಆಡು ಬಂತೋ ಇಲ್ಲವೋ ನೋಡಲು ಬೆಳಗ್ಗೆಯೇ ಬಂದಿದ್ದ ಮಸ್ತಾನ್ ಸಾಬರು ತಮ್ಮ ಹಾಳೆ ಮುಂದೆ ಮಾಡಿದರು. ಬಸ್ಸಿನ ಮುಂದಿನ ಸಾಲು, ಕಿಟಕಿಯ ಸೀಟು. ಚೌಡವ್ವ ಆಡಿನ ಕೊರಳ ಮೇಲೆ ಕೈ ಹಾಕಿ ಕೂತಿದ್ದಳು. "ಈ ಕಡೆ ಸರಕೊಂಡು ಕೂಡು ಮಗಾ, ಗಾಳಿ ಹೆಂಗೆ ಬರ್ತೈತೆ ನೋಡು" ಎಂದು ಆಡಿಗೆ ಹೇಳುತ್ತಿದ್ದಳು.

ಗುರುಬಸಮ್ಮ ಆ ಸಾಲನ್ನು ಎರಡು ಸಲ ಓದಿದಳು. "ಮಗಾ ಅಂತಾಳೆ. ನನ್ನ ಪುಸ್ತಕದಾಗೆ ಒಂದು ಸಲ ಯಾರಿಗಾದ್ರೂ ಮಗಾ ಅಂದಾಳಾ ಕೇಳಿ? ಹಲ್ಲು ಬಿಟ್ಟು ನಗ್ತಾಳೆ ಬೇರೆ. ಆಡಿನ ಹತ್ರ!" ಸಿಟ್ಟು ಮಸ್ತಾನ್ ಸಾಬರ ಕಡೆ ತಿರುಗಿತು. "ನಮ್ಮತ್ತೇನ ನಮಗೆ ಕೊಟ್ಟುಬಿಡ್ರೀ ಸಾಬರೇ."

"ನಾನೇನು ಕಟ್ಟಿ ಹಾಕೀನೇನಮ್ಮಾ? ಬಸ್ಸು ಹತ್ತಿದೋರನ್ನ ಕೈ ಹಿಡಿದು ಇಳಿಸೋಕೆ ಆಗಲ್ಲ. ಇಳಿಯೋರು ತಾವೇ ಇಳೀಬೇಕು. ಮೂವತ್ತು ವರ್ಷದಿಂದ ನೋಡ್ತಾ ಇದ್ದೀನಿ." ಗಡ್ಡ ಕೆರೆದುಕೊಂಡರು. "ಸುಳ್ಳು ಯಾಕೆ ಹೇಳ್ಲಿ, ಆಯಮ್ಮ ಬಂದ ಮೇಲೆ ನನ್ನ ಆಡಿಗೂ ಒಂದು ದಿಕ್ಕು ಸಿಕ್ಕೈತೆ. ಮೊದಲು ಬರೀ ಮ್ಯಾ ಅಂತಿತ್ತು."

"ನಿಮ್ಮ ಆಡಿನ ಮ್ಯಾ ಕಟ್ಕೊಂಡು ನಾನೇನು ಮಾಡ್ಲಿ? ನಾಡಿದ್ದು ಓದ್ಬೇಕು ನಾನು!"

ನಾನು ತಿದ್ದುವವಳ ಬುದ್ಧಿ ಉಪಯೋಗಿಸಿದೆ. ಕಾದಂಬರಿಯಲ್ಲಿ ಇನ್ನೊಂದು ಪೊಟ್ಟಣ ಇಂಗು ಇಟ್ಟೆ. ಸೊಸೆಯ ಕೈಯಿಂದ ಸಾರು ಸೀಯಿಸಿದೆ, ಚೌಡವ್ವ ಇಂಥದ್ದನ್ನು ನೋಡಿಕೊಂಡು ಸುಮ್ಮನಿರುವವಳಲ್ಲ ಅಂತ. ಹಾಳೆ ತಿರುವಿ ನೋಡಿದರೆ, "ಸಾರು ಸೀದಿತ್ತು. ಪರವಾಗಿಲ್ಲ ಎಂದು ಎಲ್ಲರೂ ಉಂಡರು." ಈ ಗಲಾಟೆಯಲ್ಲಿ ನಾಟಕದ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಉಯ್ಯಾಲೆಯ ಮೇಲೆ ರಾಜ, "ಯಾರಲ್ಲಿ?" ಎಂದು ಕರೆದು ಕರೆದು, ಯಾರೂ ಬರದೆ, ಆಕಳಿಸುವಲ್ಲಿಗೆ ಅಂಕ ಮುಗಿದಿತ್ತು. ಅದನ್ನೂ ಒಂದು ಕೈಯಲ್ಲಿ ಸರಿಮಾಡುತ್ತಾ, ಈ ಇಬ್ಬರ ಜಗಳ ಬಿಡಿಸುತ್ತಾ, ಮೂಗು ಒರೆಸಿಕೊಳ್ಳುತ್ತಾ ನಾನು ಹೈರಾಣಾಗಿದ್ದೆ.

ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದಾಯಿತು. ರುದ್ರವ್ವ. ಗಿರಣಿ ಬಿಟ್ಟು ಸೊಸೆ ಹಿಟ್ಟಿನ ತಲೆಯಲ್ಲೇ ಓಡಿದ್ದು ನೋಡಿ ಹಿಂದೆಯೇ ಬಂದಿದ್ದಳು. ನಮ್ಮ ಬೀದಿಗೆ ಅವಳು ಬಂದದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ.

"ಗಿರಣಿ ಮುಂದೆ ಜನ ಜೋಳ ಹಿಡ್ಕೊಂಡು ನಿಂತವ್ರೆ. ಇಲ್ಲಿ ಏನು ನಾಟಕ?" ಅಂದಳು.

"ಅಲ್ಲಿರೋದು ನಾಟಕ ಅವ್ವಾ" ಎಂದು ನಾನು ಉಯ್ಯಾಲೆ ತೋರಿಸಿದೆ. "ಇಲ್ಲಿ ನೀವು ಕಳೆದುಹೋಗಿದ್ದೀರಿ."

ನಡೆದದ್ದನ್ನು ಹೇಳಿದೆವು. ಅವಳು ಉಯ್ಯಾಲೆಯ ಮೇಲೆ ರಾಜನನ್ನು ಪಕ್ಕಕ್ಕೆ ಸರಿಸಿ ಕೂತು, "ಓದು, ನಾನು ಎಲ್ಲಿ ಹೋಗೀನಿ ಕೇಳೋಣ" ಅಂದಳು. ನನಗೆ ದನಿ ಇರಲಿಲ್ಲ, ಮಸ್ತಾನ್ ಸಾಬರು ಓದಿದರು. ಚೌಡವ್ವ ಬಸ್ಸು ಹತ್ತಿದ್ದು, ಆಡು ಅವಳ ಸೆರಗು ಜಗಿದದ್ದು, ಸೇತುವೆ ಬಂದಾಗ ಅವಳು ಹೊಳೆಗೆ ಕೈ ಮುಗಿದದ್ದು, ಗಾಳಿಗೆ ಕೂದಲು ಕೆದರಿದರೂ ಕಟ್ಟಿಕೊಳ್ಳದೆ ಕೂತದ್ದು. ರುದ್ರವ್ವ ಇಷ್ಟು ಹೊತ್ತು ಮಾತಿಲ್ಲದೆ ಕೂತಿದ್ದನ್ನು ಗುರುಬಸಮ್ಮನೂ ನೋಡಿರಲಿಕ್ಕಿಲ್ಲ. ಅವಳು ಹಾಳೆ ಬಿಟ್ಟು ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

"ಆ ಬಸ್ಸು ಯಾವ ಊರಿಗೆ ಹೋಗ್ತೈತೆ?" ಎಂದು ಕೊನೆಗೆ ಕೇಳಿದಳು ಮುದುಕಿ.

"ಎಲ್ಲಾ ಊರಿಗೂ ಹೋಗ್ತೈತಮ್ಮಾ, ಮಕ್ಕಳ ಕತೆ ಅಲ್ವಾ" ಅಂದರು ಸಾಬರು.

"ನಾನಾದ್ರೂ ವಾಪಸ್ ಬರಲ್ಲಪ್ಪ." ರುದ್ರವ್ವ ಸೊಸೆಯ ಕಡೆ ತಿರುಗಿದಳು. "ಅವಳು ಯಾಕೆ ಬರ್ಬೇಕು ಹೇಳು? ನಿನ್ನ ಪುಸ್ತಕದಾಗೆ ಅವಳಿಗೆ ಒಲೆ, ಜಗಲಿ, ಒಲೆ, ಜಗಲಿ. ನನ್ನ ಮದುವೇಲಿ ಎತ್ತಿನ ಗಾಡಿ ಹತ್ತಿ ಈ ಊರಿಗೆ ಬಂದೆ. ಅವತ್ತು ಇಳಿದೋಳು ಮತ್ತೆ ಏನನ್ನೂ ಹತ್ತಿಲ್ಲ."

"ಒಂದು ದಿನಾನಾದ್ರೂ ಹೇಳಿದ್ರಾ ಅತ್ತೇ?"

"ನೀನು ಕೇಳಿದ್ಯಾ? ಬೈದಿದ್ದನ್ನೆಲ್ಲ ಬರ್ಕೊಂಡೆ. ಬೈಯದೆ ಸುಮ್ಮನೆ ಕೂತಾಗ ಒಂದು ಸಲ ಯಾಕತ್ತೇ ಅಂದ್ಯಾ?"

ಗುರುಬಸಮ್ಮ ಸೆರಗಿನಿಂದ ತಲೆಯ ಹಿಟ್ಟು ಒರೆಸಿಕೊಂಡಳು, ಒರೆಸಿಕೊಂಡಷ್ಟೂ ಮುಖಕ್ಕೆ ಇಳಿಯಿತು. ನನಗೆ ಹೊಲಿಗೆಯ ಕಾಲದ ಒಂದು ಮಾತು ನೆನಪಾಯಿತು. ರವಿಕೆ ಹೊಲಿಯುವಾಗ ಒಳಗಡೆ ಒಂದಿಷ್ಟು ಬಟ್ಟೆ ಬಿಟ್ಟಿರಬೇಕು. ಹೊರಗೆ ಕಾಣುವುದಿಲ್ಲ, ಆದರೆ ಮೈ ಬೆಳೆದಾಗ ಬಿಚ್ಚಿ ಸಡಿಲ ಮಾಡಲು ಬರುತ್ತದೆ. ಬಿಡದೆ ಕತ್ತರಿಸಿ ಹೊಲಿದರೆ ರವಿಕೆ ಎಷ್ಟೇ ಚೆಂದವಿದ್ದರೂ ಒಂದು ದಿನ ಉಸಿರಾಡಲು ಬಿಡುವುದಿಲ್ಲ. ಗುರುಬಸಮ್ಮನ ಹೊಲಿಗೆಯಲ್ಲಿ ತಪ್ಪಿರಲಿಲ್ಲ. ಚೌಡವ್ವನಿಗೆ ಒಳಗೆ ಬಟ್ಟೆ ಬಿಟ್ಟಿರಲಿಲ್ಲ, ಅಷ್ಟೇ. ನಾನು ತಿದ್ದುವವಳಾಗಿ ಅದನ್ನು ನೋಡಬೇಕಿತ್ತು. ಅವಳ ಬೈಗುಳಕ್ಕೆ ನಗುತ್ತಾ ಪುಟ ತಿರುಗಿಸಿಬಿಟ್ಟಿದ್ದೆ.

"ಒಂದು ಅಧ್ಯಾಯ ಬೇಕು ಗುರುಬಸಮ್ಮಾ" ಅಂದೆ. "ನಾಳೆಯೊಳಗೆ. ಚೌಡವ್ವ ಬಸ್ಸು ಹತ್ತಬೇಕು, ನಿನ್ನ ಪುಸ್ತಕದಿಂದಲೇ ಹತ್ತಬೇಕು."

"ಮೆತ್ತಗೆ ಮಾಡಬೇಡ ಮತ್ತೆ!" ಎಂದಳು ರುದ್ರವ್ವ ತಕ್ಷಣ. "ಬಸ್ಸು ಹತ್ತಿದ ತಕ್ಷಣ ನಾನು ಸಾಧು ಆಗೋಗಲ್ಲ. ಕಂಡಕ್ಟರಿಗೆ ಸರಿಯಾಗಿ ಬೈಯ್ಬೇಕು."

ಅಲ್ಲಿಂದ ಶುರುವಾಯಿತು ನೋಡಿ ಕೆಲಸ. ಗಿರಣಿಗೆ ಬೀಗ ಬಿತ್ತು; ಜೋಳ ಹಿಡಿದು ನಿಂತವರು ಸಂಗತಿ ತಿಳಿದು, ಭಾನುವಾರ ಕೇಳಲು ಸಿಗುತ್ತದಲ್ಲ ಎಂದು, ಗೊಣಗದೆ ಹೋದರು. ಗುರುಬಸಮ್ಮ ನನ್ನ ಅಟ್ಟದ ಕೆಳಗೆ ಕೂತು ಬರೆದಳು, ರುದ್ರವ್ವ ಉಯ್ಯಾಲೆಯಿಂದ ಬೈದಳು. ಬಸ್ಸೇ ಹತ್ತದವಳು ಬಸ್ಸಿನಲ್ಲಿ ಏನೇನಕ್ಕೆ ಜಗಳ ತೆಗೆಯಬಹುದು ಎಂದು ಯೋಚಿಸಿ ಯೋಚಿಸಿ ಹೇಳಿದಳು. "ಸೀಟಿನ ಮೇಲೆ ಟವೆಲ್ ಹಾಕಿ ಹೋಗ್ತಾರಂತಲ್ಲ, ಅದನ್ನ ಎತ್ತಿ ಆಚೆ ಎಸೀತೀನಿ. ಟವೆಲ್ ಕೂತ್ಕೊಂತೈತಾ, ಮನುಷ್ಯರು ಕೂತ್ಕೊಂತಾರಾ ಅಂತ ಕೇಳ್ತೀನಿ. ಬರ್ಕೊಂಡ್ಯಾ?" ಮಸ್ತಾನ್ ಸಾಬರು ನಡುವೆ ಬಾಯಿ ಹಾಕುವರು: "ಕಂಡಕ್ಟರ್ ಹಂಗೆ ಸುಮ್ಮನೆ ಬಿಡಲ್ಲಮ್ಮಾ, ಮುಂದಕ್ಕೆ ಹೋಗ್ರಿ ಮುಂದಕ್ಕೆ ಹೋಗ್ರಿ ಅಂತಾನೆ." "ಎಷ್ಟು ಮುಂದಕ್ಕೆ ಹೋಗ್ಲಿ? ಡ್ರೈವರ್ ತೊಡೆ ಮೇಲೆ ಕೂಡ್ಲಾ ಅಂತೀನಿ. ಇದನ್ನೂ ಬರ್ಕೋ." ನಾನು ಕತ್ತರಿ ಹಿಡಿದು ಕೂತಿದ್ದೆ, ಆದರೆ ಅವತ್ತು ಕತ್ತರಿಸಲು ಮನಸ್ಸೇ ಬರಲಿಲ್ಲ. ನನ್ನ ಕ್ರಮವೆಲ್ಲ ಗಾಳಿಗೆ ಹೋಗಿತ್ತು. ಶುಕ್ರವಾರ ಕಾದಂಬರಿಯ ದಿನವಲ್ಲ. ಉಯ್ಯಾಲೆ ಕಾದಂಬರಿಯ ಜಾಗವಲ್ಲ. ಮೂರೂ ಕತೆ ಒಂದೇ ಕೋಣೆಯಲ್ಲಿ. ಆದರೂ ಕತೆಯ ಜನ ಯಾರೂ ಎದ್ದು ಹೋಗಲಿಲ್ಲ. ಅವರೂ ಕೇಳುತ್ತಾ ಕೂತಿದ್ದರೇನೋ.

ಬೈಗುಳವೆಲ್ಲ ಮುಗಿದ ಮೇಲೆ ಗುರುಬಸಮ್ಮ ಕೇಳಿದಳು, "ಆಮೇಲೆ ಅತ್ತೇ? ಕಿಟಕಿ ಹತ್ರ ಕೂತ ಮೇಲೆ?" ರುದ್ರವ್ವ ಸ್ವಲ್ಪ ಹೊತ್ತು ಉಯ್ಯಾಲೆಯನ್ನು ಕಾಲಿನಿಂದ ಮೆಲ್ಲಗೆ ತೂಗಿದಳು. "ಆಮೇಲೆ ಏನಿಲ್ಲ. ಸುಮ್ಮನೆ ಕೂತ್ಕೊಂತೀನಿ." ಗುರುಬಸಮ್ಮ ಅದನ್ನು ಹಾಗೆಯೇ ಬರೆದಳು. ಕಾದಂಬರಿಯಲ್ಲಿ ಚೌಡವ್ವ ಸುಮ್ಮನೆ ಕೂತದ್ದು ಅದೊಂದೇ ಪುಟ.

ಶನಿವಾರ ಬೆಳಗ್ಗೆ ಎದ್ದಾಗ ಮೂಗು ಬಿಟ್ಟಿತ್ತು. ಹಾಸಿಗೆಯಲ್ಲಿದ್ದಾಗಲೇ ಇಂಗು ಘಂ ಎಂದು ಹೊಡೆಯಿತು. ಓಡಿಹೋಗಿ ಕಾದಂಬರಿಯ ಎರಡನೆಯ ಅಧ್ಯಾಯ ತೆಗೆದೆ. "ಇದೇನು ಸಾರೋ, ಸಮುದ್ರವೋ ಎಂದು ಚೌಡವ್ವ ತಟ್ಟೆ ದೂಡಿದಳು." ಆ ಸಾಲಿಗೆ ಮುತ್ತು ಕೊಡುವುದೊಂದು ಬಾಕಿ. ಪುಟಪುಟಕ್ಕೂ ಇದ್ದಳು, ಹಿಂದೆಂದಿಗಿಂತ ಖಾರವಾಗಿ. ಹೊಸ ಅಧ್ಯಾಯದಲ್ಲಿ ಟವೆಲ್ ಎಸೆದು, ಕಂಡಕ್ಟರಿಗೆ ಬೈದು, ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದಳು. ಆ ಪುಟದ ಕೊನೆಯಲ್ಲಿ ಮಾತ್ರ ಗುರುಬಸಮ್ಮ ಬರೆಯದ ಒಂದು ಸಾಲಿತ್ತು. "ಹಿಂದಿನ ಸೀಟಿನಿಂದ ಒಂದು ಆಡು ತಲೆ ಚಾಚಿ ಅವಳ ಸೆರಗು ಜಗಿಯಿತು." ಮಸ್ತಾನ್ ಸಾಬರ ಕತೆ ತೆಗೆದು ನೋಡಿದೆ, ಆಡು ಅಲ್ಲೂ ಇತ್ತು, ಮೊದಲ ಸಲ ತಾನಾಗಿಯೇ ಕಿಟಕಿಯ ಕಡೆ ಸರಿದು ಕೂತಿತ್ತು. ತಿದ್ದುವವಳು ಇಂಥ ಸಾಲನ್ನು ತೆಗೆಯಬೇಕು. ಒಳಗೆ ಬಿಟ್ಟ ಬಟ್ಟೆ ಅಂದುಕೊಂಡು ಹಾಗೇ ಬಿಟ್ಟೆ.

ಭಾನುವಾರ ಹುಣಸೆಕಟ್ಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ರುದ್ರವ್ವ ಮುಂದಿನ ಸಾಲಿನಲ್ಲಿ ತನ್ನ ಸ್ಟೂಲಿನ ಮೇಲೆ, ಇಸ್ತ್ರಿ ಸೀರೆಯಲ್ಲಿ. ಒಂದೊಂದು ಬೈಗುಳ ಬಂದಾಗಲೂ ಹಿಂದೆ ತಿರುಗಿ, ಜನ ನಕ್ಕರೋ ಇಲ್ಲವೋ ಎಂದು ನೋಡುವಳು; ನಗದವರನ್ನು ದಿಟ್ಟಿಸುವಳು, ಅವರೂ ನಗುವರು. ಬಸ್ಸಿನ ಅಧ್ಯಾಯಕ್ಕೆ ಬಂದಾಗ ಮಾತ್ರ ಹಿಂದೆ ತಿರುಗಲಿಲ್ಲ. ಆಡು ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು, ಮಸ್ತಾನ್ ಸಾಬರು ಎದ್ದು ನಿಂತು ನಮಸ್ಕಾರ ಮಾಡಿದರು.

ಓದು ಮುಗಿಯಿತು. "ಆಯ್ತು" ಎಂದು ಎಲ್ಲರೂ ಅಂದರು. ಒಂದು ದನಿ ಕಡಿಮೆ ಇತ್ತು. ಒಬ್ಬರು ಅನ್ನದಿದ್ದರೂ ಕತೆ ಮುಗಿದ ಹಾಗಲ್ಲ. ಎಲ್ಲರೂ ರುದ್ರವ್ವನನ್ನು ನೋಡಿದರು.

"ಆ ಬಸ್ಸು ಯಾವ ಊರಿಗೆ ಹೋಯ್ತು? ಅದನ್ನ ಬರ್ದೇ ಇಲ್ವಲ್ಲೇ" ಅಂದಳು.

ಗುರುಬಸಮ್ಮ ಹಾಳೆ ಕೆಳಗಿಳಿಸಿದಳು. "ಗೊತ್ತಿಲ್ಲ ಅತ್ತೇ" ಅಂದಳು. "ಗಿರಣಿ ಬಿಟ್ಟು ನಾನು ತಾನೇ ಎಲ್ಲಿಗೆ ಹೋಗೀನಿ?"

ರುದ್ರವ್ವ ಸೊಸೆಯನ್ನು ಬಹಳ ಹೊತ್ತು ನೋಡಿದಳು, ಇಷ್ಟು ವರ್ಷ ಎದುರಿಗೇ ಇದ್ದವಳನ್ನು ಈಗ ತಾನೇ ಯಾರೋ ಪರಿಚಯ ಮಾಡಿಕೊಟ್ಟ ಹಾಗೆ. "ಗೊತ್ತಿಲ್ಲದ್ದನ್ನ ಬರೀಲಿಲ್ಲ. ಬುದ್ಧಿವಂತೆ" ಅಂದಳು. ಕೋಲನ್ನು ನೆಲಕ್ಕೆ ಕುಟ್ಟಿ, ಎಲ್ಲರಿಗಿಂತ ಜೋರಾಗಿ, "ಆಯ್ತು!" ಅಂದಳು.

ಸೋಮವಾರ ಬೆಳಗ್ಗೆ ನಾನು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ, ಮಸ್ತಾನ್ ಸಾಬರಿಗೆ ಅವರ ಆಡಿನ ತಿದ್ದಿದ ಹಾಳೆ ಕೊಡಲು. ನೆಪ ಅದು, ನೋಡಬೇಕಾಗಿದ್ದದ್ದು ಬೇರೆ. ದಾರಿಯಲ್ಲಿ ನೋಡಿದರೆ ಗಿರಣಿಗೆ ಬೀಗ ಬಿದ್ದಿತ್ತು. ಹೊರಡಲು ನಿಂತ ಬಸ್ಸಿನ ಮುಂದಿನ ಸಾಲಿನ ಕಿಟಕಿಯಲ್ಲಿ ರುದ್ರವ್ವ ಆಗಲೇ ಕೂತಿದ್ದಳು. ಯಾರದೋ ಟವೆಲ್ ಬಸ್ಸಿನ ಕೆಳಗೆ ಮಣ್ಣಿನಲ್ಲಿ ಬಿದ್ದಿತ್ತು, ಅದರ ಯಜಮಾನ ಬಾಗಿಲಲ್ಲಿ ನಿಂತು ಕಂಡಕ್ಟರಿಗೆ ದೂರು ಹೇಳುತ್ತಿದ್ದ, ಕಂಡಕ್ಟರು "ಮುಂದಕ್ಕೆ ಹೋಗ್ರಿ, ಮುಂದಕ್ಕೆ ಹೋಗ್ರಿ" ಅನ್ನುತ್ತಿದ್ದ. ಪಕ್ಕದಲ್ಲಿ ಗುರುಬಸಮ್ಮ, ತಲೆಯಲ್ಲಿ ಹಿಟ್ಟಿಲ್ಲದೆ. ಅವಳ ಕೂದಲು ಇಷ್ಟು ಕಪ್ಪು ಅಂತ ನನಗೆ ಗೊತ್ತೇ ಇರಲಿಲ್ಲ. ಮಸ್ತಾನ್ ಸಾಬರು ಮೈಕಿನಲ್ಲಿ ಊರುಗಳ ಹೆಸರನ್ನೆಲ್ಲ, ಆ ಬಸ್ಸು ಹೋಗದ ಊರುಗಳನ್ನೂ ಸೇರಿಸಿ, ಕೂಗಿದರು. ಬಸ್ಸು ಅಲುಗಿತು. ಗುರುಬಸಮ್ಮ ಚೀಲದಿಂದ ಹಾಳೆ, ಪೆನ್ನು ತೆಗೆದದ್ದು ಕಂಡಿತು. ಕೂಡಲೇ ಕಿಟಕಿಯಿಂದ ಆ ಗಿರಣಿ ದನಿ ಹೊರಗೆ ಬಂತು, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ:

"ಒಳಗಿಡೇ ಅದನ್ನ. ಈಗ ಬರ್ಕೋಬೇಡ. ಈ ಕಡೆ ಸರಕೊಂಡು ಕೂಡು ಮಗಾ, ಹೊರಗೆ ನೋಡು."